ಕಲಿ

ಚುನಾವಣೆ ಬಂತೆಂದರೆ ಪತ್ರಿಕೆಗಳ ತಲೆಬರಹದಲ್ಲಿ ‘ಕಣದ ಕಲಿಗಳು’ ಇಳಿಯುತ್ತಾರೆ. ಕ್ರೀಡಾ ಪುಟದಲ್ಲಿ ಕಬಡ್ಡಿ ಕಲಿಗಳು, ಕುಸ್ತಿಯ ಕಲಿಗಳು. ಯಕ್ಷಗಾನದ ರಂಗದಲ್ಲಂತೂ ಪಾರ್ಥನೂ ಕಲಿ, ಭೀಮನೂ ಕಲಿ.

ಶೂರ, ಪರಾಕ್ರಮಿ ಎಂಬುದು ಈ ಪದದ ಅರ್ಥ. ಇದು ದ್ರಾವಿಡ ಮೂಲದ್ದು. ತಮಿಳಿನ ‘ಕಲಿ’ಗೂ ಬಲ, ಕಸುವು ಎಂಬ ಅರ್ಥವಿದೆ. ಕಲಿತನ, ರಣಗಲಿ ಎಂಬ ರೂಪಗಳು ಇದರಿಂದಲೇ ಆದವು. ಕಲಿಯುಗದ ಕಲಿ ಮಾತ್ರ ಬೇರೆ. ಅದು ಸಂಸ್ಕೃತದ್ದು, ಪಗಡೆಯಾಟದಲ್ಲಿ ಸೋಲು ತರುವ ಗರ, ಜಗಳ ಎಂಬ ಅರ್ಥಗಳಿಂದ ಹೊರಟು ಕೇಡಿನ ಪುರುಷನಾಗಿ ನಿಂತಿತು. ನಳನ ಮೈಯೊಳಗೆ ಹೊಕ್ಕು ಅವನು ಜೂಜಿನಲ್ಲಿ ರಾಜ್ಯ ಕಳೆದುಕೊಳ್ಳುವಂತೆ ಮಾಡಿದವನು ಈ ಕಲಿ. ದುರ್ಯೋಧನ ಹುಟ್ಟಿದ್ದು ಇವನ ಅಂಶದಿಂದ ಎಂದು ಮಹಾಭಾರತದ ಆದಿಪರ್ವ ಹೇಳುತ್ತದೆ. ಹಾಗಾಗಿ ಗದಾಯುದ್ಧದ ಪ್ರಸಂಗದಲ್ಲಿ ಕನ್ನಡದ ಕಲಿಯೇ ಸಂಸ್ಕೃತದ ಕಲಿಯ ತೊಡೆ ಮುರಿಯುತ್ತಾನೆ! ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ (ಸುಮಾರು ಕ್ರಿ.ಶ. 700) ತ್ರಿಪದಿಯಲ್ಲಿ ಕಲಿ, ಕಲಿಯುಗ ಎರಡೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತಿವೆ. ಅಕ್ಷರ ಒಂದೇ ಎಂಬುದನ್ನು ಆ ಕವಿ ಸೊಗಸಾಗಿ ದುಡಿಸಿಕೊಂಡಿದ್ದಾನೆ.

‘ವೀರ’ನಿಗೆ ‘ವೀರೆ’ ಬೇಕು. ಕಲಿಗೆ ಅಂಥ ಜೋಡಿ ಬೇಕಿಲ್ಲ. ನಮ್ಮ ಮಹಿಳಾ ಕಬಡ್ಡಿ ಆಟಗಾರ್ತಿಯರನ್ನೂ ಧಾರಾಳವಾಗಿ ಕಲಿಗಳೆನ್ನಿ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅಭ್ಯರ್ಥಿಯನ್ನು ಕಲಿ ಎನ್ನುವುದು ಸಲ್ಲದು. ಹೋರಾಡಿ ತೋರಿಸಿದವರಿಗೆ ಈ ಪದವನ್ನು ಉಳಿಸಿಡಿ.