ಗಾಳದ ಕೋಲಿನ ಚರಿತ್ರೆ

ಕನ್ನಡ ನಾಡನ್ನಾಳಿದ ಅರಸರಲ್ಲಿ ಕವಿಗಳುಂಟು, ಶಾಸ್ತ್ರಕಾರರುಂಟು. ಅವರಲ್ಲಿ ಒಬ್ಬ ಚಕ್ರವರ್ತಿ ಮೀನಿಗೆ ಗಾಳ ಹಾಕುವುದನ್ನೂ ಶಾಸ್ತ್ರವೆಂದೆಣಿಸಿ ಅದಕ್ಕಾಗಿ ಅಧ್ಯಾಯವೊಂದನ್ನು ಮೀಸಲಿಟ್ಟನೆಂದರೆ ಹಲವರು ನಕ್ಕಾರು. ಗಾಳವೆಂದರೆ ನಮ್ಮ ಎಣಿಕೆಯಲ್ಲಿ ಕೆಲಸವಿಲ್ಲದವನ ಕೆಲಸ. ಕೆರೆಯ ದಂಡೆಯ ಮೇಲೆ ಕೋಲು ಹಿಡಿದು ಕುಳಿತವನನ್ನು ಕಂಡು ನಗುವುದು ಲೋಕರೂಢಿ. ಆದರೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹಾಗೆ ತಿಳಿದವನಲ್ಲ. ಆರನೆಯ ವಿಕ್ರಮಾದಿತ್ಯನ ಮಗನಾಗಿ 1126ರಲ್ಲಿ ಪಟ್ಟಕ್ಕೆ ಬಂದು 1138ರವರೆಗೆ ಆಳಿದ ಈ ದೊರೆ ಸುಮಾರು 1130ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು; ಒಟ್ಟು ನೂರು ಅಧ್ಯಾಯ. ರಾಜ್ಯವನ್ನು ಗಳಿಸುವ ಬಗೆಯಿಂದ ಹಿಡಿದು ಇಡ್ಡಲಿಗೆಯನ್ನು ಬೇಯಿಸುವ ಬಗೆಯವರೆಗೆ ಅದರಲ್ಲಿ ಇಲ್ಲದ ವಿಷಯ ಕಡಿಮೆ. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಆನೆ, ಕುದುರೆ, ಮಲ್ಲಯುದ್ಧ, ಕೋಳಿಯಂಕ, ಗೀತ, ವಾದ್ಯ, ನೃತ್ಯಗಳ ಸಾಲಿನಲ್ಲಿಯೇ ‘ಮತ್ಸ್ಯವಿನೋದ’ವೂ ಸರಿಸಮವಾಗಿ ಕುಳಿತಿದೆ.

ಈ ಅಧ್ಯಾಯದಲ್ಲಿ ಮೂವತ್ತೈದರಷ್ಟು ಬಗೆಯ ಮೀನುಗಳ ಮಾತು ಬರುತ್ತದೆ. ಕಡಲಿನವು ಯಾವುವು, ಹೊಳೆಯವು ಯಾವುವು. ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು. ಯಾವುದಕ್ಕೆ ಎಂಥ ಮೇವು ಹಾಕಿದರೆ ಒಲಿದು ಬಂದೀತು ಎಂಬುದೆಲ್ಲ ವಿಂಗಡವಾಗಿದೆ. ಆಮೇಲೆ ದಾರ, ಕೋಲು, ಕೊಕ್ಕೆ, ಎರೆ. ಕೊನೆಗೆ, ಕಚ್ಚಿದ ಮೀನನ್ನು ಆಡಿಸುವ ಬಗೆ. ಇಂದು ದುಬಾರಿ ಗಾಳದ ಅಂಗಡಿಗೆ ಹೋಗುವವನು ಇದೇ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾನೆ. ಯಾವ ಮೀನು, ಯಾವ ನೀರು ಎಂದು ಮೊದಲು ನಿಶ್ಚಯಿಸಿ ಆಮೇಲೆ ಕೋಲಿಗೆ ಬರಬೇಕೆಂಬ ಕ್ರಮ ಆ ಅಧ್ಯಾಯದ ಜೋಡಣೆಯಲ್ಲಿಯೇ ಅಡಗಿದೆ.

ಗ್ರಂಥದ ಮೊದಲ ಭಾಗವನ್ನು 1926ರಲ್ಲಿ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದರು, ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರು ಇಡಿಯ ಗ್ರಂಥವನ್ನು ಮೂರು ಸಂಪುಟಗಳಾಗಿ ಹೊರತಂದರು. ಮತ್ಸ್ಯವಿನೋದದ ಬೆಲೆಯನ್ನು ಲೋಕಕ್ಕೆ ತಿಳಿಸಿದವರು ಮಾತ್ರ ಪಂಡಿತರಲ್ಲ. ಭಾರತದ ಪ್ರಾಣಿಸರ್ವೇಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ. 1951ರಲ್ಲಿ ಅವರು ಆ ಅಧ್ಯಾಯವನ್ನು ಕುರಿತು ಬರೆದ ಲೇಖನದಿಂದ, ಹನ್ನೆರಡನೆಯ ಶತಮಾನದ ದಖ್ಖನಿನಲ್ಲಿ ಗಾಳದ ವಿದ್ಯೆ ಎಷ್ಟು ಬೆಳೆದಿತ್ತೆಂಬುದು ಹೊರಗಿನವರಿಗೂ ತಿಳಿಯಿತು. ಇಂಗ್ಲಿಷರಲ್ಲಿ ಗಾಳದ ಮೊದಲ ಅಚ್ಚಿನ ಪುಸ್ತಕವೆಂದು ಹೆಸರಾದುದು 1496ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಹೊರಬಂದ ಸಣ್ಣ ಪ್ರಬಂಧ. ಐಸಾಕ್ ವಾಲ್ಟನ್ನನ ಹೆಸರುವಾಸಿ ಪುಸ್ತಕ ಬಂದುದು 1653ರಲ್ಲಿ. ಸೋಮೇಶ್ವರ ಮೊದಲನೆಯದಕ್ಕಿಂತ ಮುನ್ನೂರು ವರ್ಷಕ್ಕೂ ಹೆಚ್ಚು ಹಿಂದಿನವನು.

ನಾನು ಕನ್ನಡ ಪಾಠ ಹೇಳುವವನು. ಮೀನಿನ ವಿಷಯ ನಿನಗೇಕೆಂದು ಓದುಗರು ಕೇಳಬಹುದು. ಚಾವುಂಡರಾಯನ ‘ಲೋಕೋಪಕಾರ’, ಕೀರ್ತಿವರ್ಮನ ‘ಗೋವೈದ್ಯ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವನ್ನು ನಾವು ಸಾಹಿತ್ಯಚರಿತ್ರೆಯಲ್ಲಿ ‘ಶಾಸ್ತ್ರಸಾಹಿತ್ಯ’ವೆಂಬ ಒಂದೇ ಗಂಟಿನಲ್ಲಿ ಕಟ್ಟಿ, ಪರೀಕ್ಷೆಗೆ ಎರಡು ಸಾಲು ಹೇಳಿ ಮುಂದೆ ಹೋಗುತ್ತೇವೆ. ಅವುಗಳಲ್ಲಿರುವ ಜ್ಞಾನ ಎಲ್ಲಿಂದ ಬಂತು, ಯಾರ ಕೈಯಲ್ಲಿ ಉಳಿದಿತ್ತು, ಈಗ ಎಲ್ಲಿದೆ ಎಂದು ಕೇಳುವುದಿಲ್ಲ. ಗಾಳದ ಕೋಲನ್ನು ನೆಪ ಮಾಡಿಕೊಂಡು ಆ ಪ್ರಶ್ನೆಯನ್ನು ಕೇಳಬಹುದೆಂದು ನನಗೆ ತೋರುತ್ತದೆ.

ನನ್ನ ತಾಯಿಯ ತವರು ತಳಕಲ್. ಗದಗಿನಿಂದ ಕೊಪ್ಪಳಕ್ಕೆ ರೈಲಿನಲ್ಲಿ ಹೋಗುವವರು ಅದರ ಹೆಸರನ್ನು ನಿಲ್ದಾಣದ ಹಲಗೆಯ ಮೇಲೆ ನೋಡಿರುತ್ತಾರೆ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡೆಂದು ಎಣಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆ, ಕೊಪಣ ಎರಡಕ್ಕೂ ನಡುವಿನ ಸೀಮೆ ಅದು. ಪಕ್ಕದಲ್ಲಿಯೇ ಕುಕನೂರು, ಇನ್ನೂ ಸ್ವಲ್ಪ ದೂರದಲ್ಲಿ ಇಟಗಿ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಸೋಮೇಶ್ವರನ ತಂದೆಯ ದಂಡನಾಯಕ ಮಹಾದೇವ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ಆ ಗುಡಿಯ ಮುಂದೆ ದೊಡ್ಡ ಪುಷ್ಕರಣಿಯುಂಟು. ಮಾನಸೋಲ್ಲಾಸದ ಕಾಲದ ಕಲ್ಲನ್ನು ಕೈಯಿಂದ ಮುಟ್ಟಬಹುದಾದ ನಾಡು ಅದು.

ಅಲ್ಲಿಯದು ಎರೆನೆಲ, ಜೋಳದ ಹೊಲ. ಬಿದಿರು ಬೆಳೆಯುವ ಭೂಮಿಯಲ್ಲ. ಬಿದಿರು ಮಲೆಸೀಮೆಯಿಂದ ಬರಬೇಕು, ಮೇದಾರರ ಕೈ ಸೇರಬೇಕು, ಬುಟ್ಟಿ ಮೊರಗಳಾಗಬೇಕು. ಊರಿನ ಹುಡುಗರು ಕೆರೆಗೆ, ಹಳ್ಳಕ್ಕೆ ಹೊರಟಾಗ ಮೇದಾರ ಅಜ್ಜನೊಬ್ಬನ ಬಳಿ ಮಿಕ್ಕ ಗಳವನ್ನು ಬೇಡಿ ತರುತ್ತಿದ್ದರು. ರಜೆಗೆ ಹೋದ ನಾನೂ ಅವರೊಂದಿಗೆ ಹೋಗುತ್ತಿದ್ದೆ. ಜೋಳದ ದಂಟಿನ ಬೆಂಡು ನೀರಿನ ಮೇಲೆ ತೇಲುವ ಗುರುತಿಗೆ, ಕಿರಾಣಿ ಅಂಗಡಿಯ ನೈಲಾನ್ ದಾರ, ಜೋಳದ ಹಿಟ್ಟಿನ ಉಂಡೆ. ಉಳಿದದ್ದು ಹೇಗಿದ್ದರೂ ನಡೆಯುತ್ತಿತ್ತು. ಕೋಲನ್ನು ಮಾತ್ರ ಅಜ್ಜ ತಾನೇ ಆರಿಸಿ ಕೊಡುತ್ತಿದ್ದ. ತುದಿಯನ್ನು ನೆಲಕ್ಕೆ ಊರಿ ಮೆಲ್ಲಗೆ ಒತ್ತಿ ಬಿಡುತ್ತಿದ್ದ. “ಎಳೀದು ಬಾಗತೈತಿ ತಮ್ಮಾ, ಬಾಗಿದ್ದು ತಿರುಗಿ ಬರಂಗಿಲ್ಲ. ಬಲತದ್ದು ಬಾಗತೈತಿ, ಬಿಟ್ಟಕೂಡಲೇ ತನ್ನ ಜಾಗಾಕ್ಕ ಬರತೈತಿ. ಕ್ವಾಲಿಗೆ ಅದನ್ನ ನೋಡಬೇಕು” ಎನ್ನುತ್ತಿದ್ದ. ಮಳೆಗಾಲದಲ್ಲಿ ಕಡಿದ ಬಿದಿರನ್ನು ಮುಟ್ಟುತ್ತಿರಲಿಲ್ಲ. ಅದಕ್ಕೆ ಹುಳು ಬೀಳುತ್ತದೆಂಬುದು ಅವನ ಮಾತು.

ಇದರಲ್ಲಿ ಮೂಢನಂಬಿಕೆಯೇನೂ ಇಲ್ಲ. ಬೆಳೆಯುವ ಕಾಲದ ಬಿದಿರಿನಲ್ಲಿ ಪಿಷ್ಟ ಹೆಚ್ಚು. ಕೊರೆಯುವ ಹುಳುವಿಗೆ ಅದೇ ಆಹಾರ. ಮೂರು ನಾಲ್ಕು ವರ್ಷ ಬಲಿತು, ರಸವಿಳಿದ ಕಾಲದಲ್ಲಿ ಕಡಿದುದೇ ಬಾಳುವಂಥದು. ಮೇಲೆ ಹೇಳಿದ 1496ರ ಇಂಗ್ಲಿಷ್ ಪ್ರಬಂಧವೂ ಕೋಲನ್ನು ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿ ಮೊದಲವರೆಗಿನ ಅವಧಿಯಲ್ಲಿ, ಅಂದರೆ ಅಲ್ಲಿಯ ಮರಗಳ ರಸವಿಳಿದ ಚಳಿಗಾಲದಲ್ಲಿ ಕಡಿಯಬೇಕೆಂದು ವಿಧಿಸುತ್ತದೆ. ಕಡಿದುದನ್ನು ಕಾವಿನಲ್ಲಿಟ್ಟು ನೆಟ್ಟಗೆ ಮಾಡಿ ಒಣಗಿಸಬೇಕೆನ್ನುತ್ತದೆ. ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನ ಕುಶಲರು ಒಂದೇ ತೀರ್ಮಾನಕ್ಕೆ ಬಂದಿದ್ದರು.

ಮುಂದೆ ನಡೆದ ಕತೆ ವಿಚಿತ್ರವಾದುದು. ನಮ್ಮ ದೇಶದ ಬಿದಿರು ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗು ಹತ್ತಿತು. ಬಂದರಿನ ಹೆಸರಿನಿಂದ ಅದನ್ನು ‘ಕಲ್ಕತ್ತಾ ಬಿದಿರು’ ಎಂದು ಕರೆದರು. ಒಳಗೆ ಟೊಳ್ಳು ಕಡಿಮೆಯಿರುವ, ನಾವು ಗಂಡುಬಿದಿರು, ಕಿರುಬಿದಿರು ಎನ್ನುವ ಜಾತಿಯೇ ಅದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬಿದಿರಿನ ಬಲವೆಲ್ಲ ಹೊರಮೈಯ ನಾರಿನಲ್ಲಿದೆ. ಆದ್ದರಿಂದ ಗಳವನ್ನು ಸೀಳಿ, ಒಳತಿರುಳನ್ನು ತೆಗೆದು, ತ್ರಿಕೋಣವಾಗಿ ಹೊರೆದ ಸೀಳುಗಳನ್ನು ಅಂಟಿನಿಂದ ಕೂಡಿಸಿದರೆ ಹಗುರವೂ ಬಿರುಸೂ ಆದ ಕೋಲಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಕೋವಿ ಮಾಡುತ್ತಿದ್ದ ಸ್ಯಾಮ್ಯುಯೆಲ್ ಫಿಲಿಪ್ ಎಂಬವನು ಆ ಶತಮಾನದ ನಡುವಿನಲ್ಲಿ ಇದನ್ನು ಮಾಡತೊಡಗಿದ. ಹೈರಮ್ ಲೆನರ್ಡ್ ಆರು ಸೀಳಿನ ಕೋಲಿಗೆ ಹೆಸರು ತಂದ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗಿಣ್ಣು ದೂರವಾದ, ನೆಟ್ಟನೆಯ ಚೀಣೀ ‘ಟಾಂಕಿನ್’ ಬಿದಿರು ಬಂದು ಕಲ್ಕತ್ತಾ ಬಿದಿರನ್ನು ಬದಿಗೆ ಸರಿಸಿತು.

ಈ ಚರಿತ್ರೆಯಲ್ಲಿ ಮಂಗಳೂರಿಗೂ ಒಂದು ಪುಟವುಂಟು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಪ್ರಕಟವಾದುದು ಮಂಗಳೂರಿನಲ್ಲಿ. ಬಿಳಿಯರ ವಿನೋದದ ಪುಸ್ತಕವೆಂದು ಅದನ್ನು ತಳ್ಳಿಹಾಕಲಾಗದು. ಸಣ್ಣ ಕಣ್ಣಿನ ಬಲೆಗಳಿಂದಲೂ ವಿಷದಿಂದಲೂ ಹೊಳೆಗಳ ಮರಿಮೀನು ನಾಶವಾಗುತ್ತಿದೆಯೆಂದು ಎಚ್ಚರಿಸಿದವರಲ್ಲಿ ಅವನೂ ಒಬ್ಬ. ಸಿಡಿಮದ್ದು, ವಿಷಗಳಿಂದ ಮೀನು ಕೊಲ್ಲುವುದನ್ನು ತಡೆದ ಭಾರತದ ಮೀನುಗಾರಿಕೆ ಕಾಯಿದೆ ಬಂದುದು 1897ರಲ್ಲಿ.

ಎರಡನೆಯ ಮಹಾಯುದ್ಧದ ನಂತರ ಕೋಲು ಗಾಜಿನ ನಾರಿನದಾಯಿತು. 1970ರ ದಶಕದಲ್ಲಿ ಇಂಗಾಲದ ನಾರಿನದಾಯಿತು. ಈಗ ತಮಗೆ ಬೇಕಾದಂತೆ ಕೋಲು ಕಟ್ಟಿಕೊಳ್ಳುವ ಹವ್ಯಾಸಿಗಳು ನಮ್ಮ ನಗರಗಳಲ್ಲಿಯೂ ಇದ್ದಾರೆ. ಅವರು ಮೊದಲು ಕೊಳ್ಳುವುದು ಹಿಡಿಯಿಲ್ಲದ, ಉಂಗುರವಿಲ್ಲದ ಬರಿಯ ಕೋಲು. ಅದಕ್ಕೆ ‘ಬ್ಲ್ಯಾಂಕ್’ ಎಂದು ಹೆಸರು. ರಾಳ ತೊಯ್ಯಿಸಿದ ನಾರಿನ ಹಾಳೆಯನ್ನು ಉಕ್ಕಿನ ಕಂಬಿಗೆ ಸುತ್ತಿ, ಬೇಯಿಸಿ, ಕಂಬಿಯನ್ನು ಹೊರಗೆಳೆದರೆ ಬ್ಲ್ಯಾಂಕ್ ಸಿದ್ಧ. ಅದನ್ನು ಆರಿಸುವಾಗ ಮೂರು ಪ್ರಶ್ನೆ: ಎಷ್ಟು ಭಾರ ತಡೆಯುತ್ತದೆ? ತುದಿಯಲ್ಲಿ ಬಾಗುತ್ತದೆಯೋ ಬುಡದವರೆಗೂ ಬಾಗುತ್ತದೆಯೋ? ಬಾಗಿದ್ದು ಎಷ್ಟು ಬೇಗ ಹಿಂದಕ್ಕೆ ಬರುತ್ತದೆ? ಮೂರನೆಯದು ಮೇದಾರ ಅಜ್ಜನ ಪ್ರಶ್ನೆಯೇ. ಹಾಳೆಯ ಅಂಚು ಒಂದರ ಮೇಲೊಂದು ಬರುವ ಕಡೆ ಕೋಲು ಸ್ವಲ್ಪ ಬಿರುಸಾಗಿರುತ್ತದೆ. ಕಟ್ಟುವವನು ಬುಡವನ್ನು ನೆಲಕ್ಕೂರಿ, ತುದಿಯನ್ನು ಅಂಗೈಯಲ್ಲಿ ಹಿಡಿದು, ನಡುವನ್ನು ಬಾಗಿಸಿ ಹೊರಳಿಸಿ ಆ ಬೆನ್ನೆಲುಬನ್ನು ಕಂಡುಕೊಳ್ಳುತ್ತಾನೆ. ಉಂಗುರಗಳನ್ನು ಎಲ್ಲಿ ಕೂಡಿಸಬೇಕೆಂಬುದು ಆಮೇಲೆ.

ಉಂಗುರವೆಂದರೆ ದಾರ ಹರಿಯುವ ದಾರಿ. ಹಿಂದೆ ಅದರೊಳಗೆ ಅಕೀಕದ ಕಲ್ಲು ಕೂಡಿಸುತ್ತಿದ್ದರು. ಈಗ ಗಟ್ಟಿಯಾದ ಪಿಂಗಾಣಿಯಂಥ ವಸ್ತು. ಒರಟಾದ ಉಂಗುರ ದಾರವನ್ನು ತೇಯುತ್ತದೆ. ಉಂಗುರ ಕಡಿಮೆಯಾದರೆ ಮೀನಿನ ಭಾರ ಒಂದೆರಡು ಕಡೆಯೇ ಬಿದ್ದು ಕೋಲು ಮುರಿಯುತ್ತದೆ. ಹೆಚ್ಚಾದರೆ ತುದಿ ಭಾರವಾಗಿ ಕೋಲು ಮಂದವಾಗುತ್ತದೆ. ಅಡಿಗೊಂದು, ತುದಿಗೊಂದು ಎಂಬುದು ರೂಢಿಯ ಲೆಕ್ಕ. ತುದಿಯ ಕಡೆ ಒತ್ತಾಗಿ, ಬುಡದ ಕಡೆ ದೂರ ದೂರವಾಗಿ. ಹಿಡಿಗೆ ಕಾರ್ಕ್ ಮರದ ತೊಗಟೆ: ಹಗುರ, ಒದ್ದೆಯಾದರೂ ಜಾರದು. ಉಂಗುರವನ್ನು ನೂಲಿನಿಂದ ಬಿಗಿದು ಮೇಲೆ ರಾಳ ಹಚ್ಚಿದರೆ ಕೆಲಸ ಮುಗಿಯಿತು. ಎಲ್ಲವೂ ಉತ್ತಮವಾಗಿದ್ದರೆ ಸಾಲದು; ಒಂದಕ್ಕೊಂದು ಒಪ್ಪಬೇಕು. ಪದ್ಯದಲ್ಲಿ ಪದಗಳಿಗಿರುವ ನಿಯಮವೇ ಇಲ್ಲಿಯೂ.

ಆದರೆ ಆರಿಸಿ ಕಟ್ಟಿದ ಕೋಲು ಯಾವ ಮೀನಿಗೆ? ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್, ಲೋಕದ ಗಾಳದವರಿಗೆಲ್ಲ ಕನಸಾಗಿತ್ತು. ರಾಗಿಹಿಟ್ಟಿನ ಉಂಡೆಯೇ ಅದಕ್ಕೆ ಹೆಸರಾದ ಎರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಸುಮಾರು 54 ಕಿಲೋ ತೂಗಿತು. ಅಂಥ ಮೀನು ಬಂಡೆಗಳ ನಡುವೆ ಪ್ರವಾಹದೊಡನೆ ಓಡುವಾಗ ಸೋಲದ ಕೋಲು ಬೇಕು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘದವರೂ ಭೀಮೇಶ್ವರಿಯ ಕಡೆಯ ಶಿಬಿರದವರೂ ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಪದ್ಧತಿಯನ್ನು ಬಳಕೆಗೆ ತಂದರು. ಆಗ ಕೋಲಿನ ಆಯ್ಕೆಗೆ ಇನ್ನೊಂದು ಅರ್ಥ ಬಂತು. ದುರ್ಬಲವಾದ ಕೋಲಿನಲ್ಲಿ ಬಹಳ ಹೊತ್ತು ಆಡಿಸಿದ ಮೀನು ಬಳಲಿ, ಬಿಟ್ಟಮೇಲೂ ಸಾಯಬಹುದು. ತಕ್ಕ ಕೋಲು ಮೀನಿಗೆ ದಯೆ ತೋರಿಸುತ್ತದೆ.

ಆದರೂ ಮೀನು ಉಳಿಯಿತೆಂದು ಹೇಳುವಂತಿಲ್ಲ. ಅಣೆಕಟ್ಟು, ಮರಳು ಸಾಗಣೆ, ಸಿಡಿಮದ್ದು ಇವು ಒಂದು ಕಡೆ. 1970ರ ದಶಕದಿಂದ ಕಾವೇರಿಗೆ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಮರಿಗಳು ಇನ್ನೊಂದು ಕಡೆ. ಕಾವೇರಿಗೆ ಸ್ವಂತವಾದ ಡುಬ್ಬದ ಬೆನ್ನಿನ ಮಹಶೀರಿಗೆ ಶಾಸ್ತ್ರೀಯ ಹೆಸರು ಗೊತ್ತಾದುದೇ 2018ರಲ್ಲಿ. ‘ಟಾರ್ ರೆಮಾದೇವಿ’ ಎಂದು ಗುರುತಿಸಿದ ವರ್ಷವೇ ಅದನ್ನು ಅಳಿವಿನಂಚಿನ ಜಾತಿಗಳ ಪಟ್ಟಿಗೂ ಸೇರಿಸಬೇಕಾಯಿತು. ಹೆಸರಿಡುವ ಹೊತ್ತಿಗೆ ಹೊಳೆಯೇ ಬರಿದಾಗುತ್ತ ಬಂದಿತ್ತು.

ಬಿದಿರಿನ ಗತಿಯೂ ಇದೇ. 1950ರ ದಶಕದಿಂದ ದಾಂಡೇಲಿಯ ಕಾಗದದ ಗಿರಣಿಗೆ ಗಾಡಿಗಟ್ಟಲೆ ಬಿದಿರು ಹೋಯಿತು; ಒಂದೊಂದು ಗಳವನ್ನು ಬಾಗಿಸಿ ನೋಡಿ ಕೊಳ್ಳುತ್ತಿದ್ದ ಮೇದಾರನ ಪಾಲು ಕುಗ್ಗಿತು. 1927ರ ಅರಣ್ಯ ಕಾಯಿದೆಯ ಪ್ರಕಾರ ಬಿದಿರು ‘ಮರ’ವಾಗಿತ್ತು, ಕಾಡಿನ ಹೊರಗೆ ಬೆಳೆದುದನ್ನು ಆ ಲೆಕ್ಕದಿಂದ ಬಿಟ್ಟುದು 2017ರಲ್ಲಿ. ಅಷ್ಟರಲ್ಲಿ ಪ್ಲಾಸ್ಟಿಕ್ ಬುಟ್ಟಿ ಮನೆಮನೆಗೆ ಬಂದಿತ್ತು.

ಸೋಮೇಶ್ವರ ಶಾಸ್ತ್ರ ಬರೆದ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಮೇದರ ಕೇತಯ್ಯನಿದ್ದ, ಅಂಬಿಗರ ಚೌಡಯ್ಯನಿದ್ದ. ಬಿದಿರು ಕಡಿಯುವಾಗ ಉದುರಿದ ಹೊನ್ನನ್ನು ಮುಟ್ಟದೆ ಕೇತಯ್ಯ ಬೇರೆ ಬಿದಿರನ್ನರಸಿ ಹೋದನೆಂದು ಸಂಪ್ರದಾಯ ಹೇಳುತ್ತದೆ. ಅವನಿಗೆ ಬೇಕಾದುದು ಬುಟ್ಟಿಗಾಗುವ ಬಿದಿರು. ಅರಸನ ಶ್ಲೋಕಗಳ ಹಿಂದೆ ಇಂಥವರ ಕೈಯ ಅರಿವು ಇದ್ದಿರಲೇಬೇಕು. ಅರಸ ಸ್ವತಃ ಕಾಡಿಗೆ ಹೋಗಿ ಗಳ ಕಡಿದಿರಲಾರ. ಶ್ಲೋಕ ಓಲೆಯಲ್ಲಿ ಉಳಿಯಿತು, ಬರೋಡೆಯಲ್ಲಿ ಅಚ್ಚಾಯಿತು. ಎಳೆಯದು, ಬಲಿತದ್ದು, ಹುಳು ಬಿದ್ದದ್ದು, ಗಿಣ್ಣು ಒತ್ತಾದದ್ದು ಎಂದು ಬಿದಿರನ್ನು ವಿಂಗಡಿಸುವ ಮೇದಾರರ ಮಾತುಗಳು ಬಾಯಿಂದ ಬಾಯಿಗೆ ಬಂದವು. ಹೇಳುವವರು ಹೋದರೆ ಅವೂ ಹೋದವು. ನಮ್ಮ ಕಾಲೇಜುಗಳಲ್ಲಿ ಕನ್ನಡ ಎಂ.ಎ. ಓದುವವರು ಪ್ರತಿ ವರ್ಷವೂ ಕಿರುಪ್ರಬಂಧ ಬರೆಯುತ್ತಾರೆ. ಅವರಲ್ಲಿ ಒಬ್ಬಿಬ್ಬರಾದರೂ ಒಂದು ಬೇಸಿಗೆಯನ್ನು ಮೇದಾರರ ಕೇರಿಯಲ್ಲಿ, ಇನ್ನೊಂದನ್ನು ತುಂಗಭದ್ರೆಯ ಬೆಸ್ತರ ದಂಡೆಯಲ್ಲಿ ಕಳೆದು ಆ ಮಾತುಗಳನ್ನು ಬರೆದುಕೊಂಡು ಬಂದರೆ, ಮತ್ಸ್ಯವಿನೋದದ ಕನ್ನಡ ವ್ಯಾಖ್ಯಾನ ಮೊದಲ ಬಾರಿಗೆ ಆರಂಭವಾದಂತಾಗುತ್ತದೆ. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮತ್ತು ಸ್ವಲ್ಪ ತಾಳ್ಮೆ. ಗಾಳ ಹಾಕುವವನಿಗೆ ಬೇಕಾದಷ್ಟೇ ತಾಳ್ಮೆ.