ಅಮೆರಿಕದ ಬಾಲ ನ್ಯಾಯಾಲಯ: ಕರುಣೆಯಿಂದ ಹಕ್ಕಿನವರೆಗೆ
(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ನಾವೆಲ್ಲ ಹಿರಿಯರ ಬಾಯಲ್ಲಿ ಕೇಳುತ್ತಲೇ ಬೆಳೆದವರು. ಎಳೆಯರನ್ನು ತಿದ್ದಬಹುದೆಂಬ ನಂಬಿಕೆ ಆ ಮಾತಿನಲ್ಲಿದೆ. ಆದರೆ ತಿದ್ದುವವರು ಯಾರು, ತಿದ್ದುವ ಮುನ್ನ ಮಗುವಿನ ಮಾತನ್ನು ಕೇಳಬೇಕೇ ಬೇಡವೇ ಎಂಬುದನ್ನು ಗಾದೆ ಹೇಳುವುದಿಲ್ಲ. ನಾವು ಬಂದು ನೆಲೆಸಿರುವ ಈ ಅಮೆರಿಕ ದೇಶವು ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ನೂರು ವರ್ಷಗಳಿಗೂ ಮಿಕ್ಕ ಕಾಲವನ್ನು ಕಳೆದಿದೆ. ನಮ್ಮ ಮಕ್ಕಳು ಬೆಳೆಯುತ್ತಿರುವುದು ಇದೇ ನೆಲದಲ್ಲಾದ್ದರಿಂದ ಆ ಇತಿಹಾಸವು ನಮಗೂ ಸಂಬಂಧಪಟ್ಟದ್ದೇ ಆಗಿದೆ.

ಇಂಗ್ಲೆಂಡಿನಿಂದ ಇಲ್ಲಿಗೆ ಬಂದ ಹಳೆಯ ಕಾನೂನಿನ ಪ್ರಕಾರ ಏಳು ವರ್ಷದೊಳಗಿನ ಮಗು ಅಪರಾಧ ಮಾಡಲಾರದು. ಏಳರಿಂದ ಹದಿನಾಲ್ಕರವರೆಗೆ ಮಗುವಿಗೆ ತಿಳಿವಳಿಕೆ ಇಲ್ಲವೆಂದೇ ಭಾವಿಸಬೇಕು, ಆದರೆ ಇತ್ತೆಂದು ಸಾಧಿಸಲು ಸರ್ಕಾರಕ್ಕೆ ಅವಕಾಶವುಂಟು. ಹದಿನಾಲ್ಕು ದಾಟಿದರೆ ಬಾಲಕನೂ ವಯಸ್ಕನೂ ಒಂದೇ. 1860ರ ಭಾರತೀಯ ದಂಡ ಸಂಹಿತೆಯೂ ಇದೇ ಬೇರಿನಿಂದ ಚಿಗುರಿತು; ಅಲ್ಲಿ ಮೇಲಿನ ಗೆರೆಯನ್ನು ಹನ್ನೆರಡಕ್ಕೆ ಎಳೆಯಲಾಯಿತು. 1825ರಲ್ಲಿ ನ್ಯೂಯಾರ್ಕ್ ನಗರದಲ್ಲಿ ದಾರಿ ತಪ್ಪಿದ ಮಕ್ಕಳಿಗಾಗಿ ಪ್ರತ್ಯೇಕವಾದ ಆಶ್ರಯಗೃಹವೊಂದು ತೆರೆಯಿತಾದರೂ, ಶತಮಾನದ ಕೊನೆಯವರೆಗೂ ಎಷ್ಟೋ ಊರುಗಳಲ್ಲಿ ಬಾಲಕರು ಪಳಗಿದ ಕಳ್ಳರೊಡನೆ ಒಂದೇ ಸೆರೆಮನೆಯಲ್ಲಿ ಮಲಗಬೇಕಾಗಿತ್ತು.

ಬದಲಾವಣೆ ಬಂದದ್ದು ಷಿಕಾಗೋ ನಗರದಿಂದ. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಮಹಿಳೆಯರು ಅಲ್ಲಿ ಹಲ್ ಹೌಸ್ ಎಂಬ ಸೇವಾಕೇಂದ್ರವನ್ನು ಸ್ಥಾಪಿಸಿದ್ದರು. ಅದರ ಸುತ್ತ ವಾಸಿಸುತ್ತಿದ್ದವರು ಇಟಲಿ, ಗ್ರೀಸ್, ರಷ್ಯ ಮೊದಲಾದ ದೇಶಗಳಿಂದ ವಲಸೆ ಬಂದ ಬಡವರು. ತಂದೆತಾಯಿಗಳಿಗೆ ಇಂಗ್ಲಿಷ್ ಬಾರದು, ದುಡಿಮೆಯ ನಡುವೆ ಬಿಡುವಿಲ್ಲ. ಮಕ್ಕಳಿಗೆ ಬೀದಿಯೇ ಪಾಠಶಾಲೆ. ಈ ಮಕ್ಕಳ ಪಾಡನ್ನು ಕಂಡ ಲೂಸಿ ಫ್ಲವರ್, ಜೂಲಿಯಾ ಲೇಥ್ರಪ್ ಮುಂತಾದವರು ಪಟ್ಟುಹಿಡಿದು ಶ್ರಮಿಸಿದ ಫಲವಾಗಿ 1899ರಲ್ಲಿ ಇಲಿನಾಯ್ ರಾಜ್ಯವು ಹೊಸ ಶಾಸನವನ್ನು ತಂದಿತು. ಆ ವರ್ಷದ ಜುಲೈ ತಿಂಗಳಲ್ಲಿ ನ್ಯಾಯಾಧೀಶ ರಿಚರ್ಡ್ ಟಟ್‌ಹಿಲ್ ಅವರ ಮುಂದೆ ದೇಶದ ಮೊದಲ ಬಾಲ ನ್ಯಾಯಾಲಯವು ಕಲಾಪ ಆರಂಭಿಸಿತು.

ಅಲ್ಲಿ ಮಗುವನ್ನು ಆರೋಪಿಯೆಂದು ಕರೆಯುವಂತಿರಲಿಲ್ಲ. ಹಾದಿ ತಪ್ಪಿದ ಮಗುವಿಗೆ ಸರ್ಕಾರವೇ ಹೆತ್ತವರ ಸ್ಥಾನದಲ್ಲಿ ನಿಲ್ಲಬೇಕೆಂಬುದು ಅದರ ತತ್ತ್ವ. ಮನೆಮನೆಗೆ ಹೋಗಿ ಮಕ್ಕಳ ಮೇಲೆ ಕಣ್ಣಿಡುವ ಪ್ರೊಬೇಷನ್ ಅಧಿಕಾರಿಗಳಿಗೆ ಆ ಶಾಸನವು ಸಂಬಳವನ್ನೇ ಗೊತ್ತುಮಾಡಿರಲಿಲ್ಲ; ಷಿಕಾಗೋ ಮಹಿಳೆಯರು ಹಣ ಕೂಡಿಸಿ ಆ ಕೆಲಸವನ್ನು ನಡೆಸಿದರು. ಇದೇ ನ್ಯಾಯಾಲಯದಲ್ಲಿ ಕುಳಿತಿದ್ದ ನ್ಯಾಯಾಧೀಶ ಜೂಲಿಯನ್ ಮ್ಯಾಕ್ ಅವರು 1909ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ನ್ಯಾಯಾಧೀಶನು ಮೇಜಿನ ಬಳಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಗಾಗ ಹೆಗಲ ಮೇಲೆ ಕೈಯಿಟ್ಟು ಮಾತನಾಡಿಸುವ ಚಿತ್ರವನ್ನು ಕೊಟ್ಟಿದ್ದಾರೆ. ಅದು ಸುಂದರವಾದ ಚಿತ್ರವೇ. 1925ರ ವೇಳೆಗೆ ಎರಡು ರಾಜ್ಯಗಳನ್ನುಳಿದು ಉಳಿದೆಲ್ಲ ರಾಜ್ಯಗಳಲ್ಲೂ ಇಂತಹ ನ್ಯಾಯಾಲಯಗಳು ಸ್ಥಾಪನೆಗೊಂಡವು. ನಮ್ಮ ಭಾರತದಲ್ಲೂ 1920ರಲ್ಲಿ ಮದ್ರಾಸು, 1924ರಲ್ಲಿ ಮುಂಬಯಿ ಪ್ರಾಂತಗಳು ಮಕ್ಕಳ ಕಾಯಿದೆಗಳನ್ನು ಜಾರಿಗೆ ತಂದವು.

ಆದರೆ ಆ ಸುಂದರ ಚಿತ್ರದಲ್ಲಿ ಒಂದು ಕೊರತೆಯಿತ್ತು. ತಂದೆಯಂತಿರುವ ನ್ಯಾಯಾಧೀಶನ ಎದುರು ಮಗುವಿಗೆ ವಕೀಲನೇಕೆ, ಸಾಕ್ಷಿಯೇಕೆ ಎಂಬ ಭಾವನೆ ಬೇರೂರಿತು. ಅದರ ಫಲ ಅರಿಜೋನಾ ರಾಜ್ಯದಲ್ಲಿ ಕಾಣಿಸಿತು.

1964ರ ಜೂನ್ 8ರಂದು ಜೆರಾಲ್ಡ್ ಗಾಲ್ಟ್ ಎಂಬ ಹದಿನೈದು ವರ್ಷದ ಹುಡುಗನನ್ನು ಪೊಲೀಸರು ಹಿಡಿದೊಯ್ದರು. ನೆರೆಯ ಮಹಿಳೆಯೊಬ್ಬರಿಗೆ ದೂರವಾಣಿಯಲ್ಲಿ ಅಸಭ್ಯವಾಗಿ ಮಾತನಾಡಿದನೆಂಬುದು ದೂರು. ತಂದೆತಾಯಿಗಳಿಬ್ಬರೂ ಕೆಲಸಕ್ಕೆ ಹೋಗಿದ್ದರು. ಅವರಿಗೆ ಯಾರೂ ತಿಳಿಸಲಿಲ್ಲ. ಸಂಜೆ ಮನೆಗೆ ಬಂದ ತಾಯಿ, ಮಗನನ್ನು ಕಾಣದೆ, ಹಿರಿಯ ಮಗನನ್ನು ಹುಡುಕಲು ಕಳುಹಿಸಬೇಕಾಯಿತು. ವಿಚಾರಣೆಯಲ್ಲಿ ವಕೀಲರಿರಲಿಲ್ಲ, ನಡೆದುದನ್ನು ಯಾರೂ ಬರೆದಿಡಲಿಲ್ಲ. ದೂರು ಕೊಟ್ಟವರನ್ನು ಕರೆಸಿರೆಂದು ತಾಯಿ ಕೇಳಿಕೊಂಡಾಗ, ಅದರ ಅಗತ್ಯವಿಲ್ಲವೆಂಬ ಉತ್ತರ ಬಂತು. ಒಂದು ವಾರದೊಳಗೆ, ಇಪ್ಪತ್ತೊಂದು ತುಂಬುವವರೆಗೆ ಸುಧಾರಣಾ ಶಾಲೆಯಲ್ಲಿರಬೇಕೆಂಬ ತೀರ್ಪು ಹೊರಬಿತ್ತು. ಅಂದರೆ ಆರು ವರ್ಷ! ಅದೇ ತಪ್ಪಿಗೆ ವಯಸ್ಕನಿಗಿದ್ದ ಶಿಕ್ಷೆ ಐದರಿಂದ ಐವತ್ತು ಡಾಲರ್ ದಂಡ, ಇಲ್ಲವೇ ಹೆಚ್ಚೆಂದರೆ ಎರಡು ತಿಂಗಳ ಸೆರೆ. ಮೇಲ್ಮನವಿಗೂ ಆ ರಾಜ್ಯದಲ್ಲಿ ಅವಕಾಶವಿರಲಿಲ್ಲ.

ಹೆತ್ತವರು ಸುಮ್ಮನಾಗಲಿಲ್ಲ. ಅಮೀಲಿಯಾ ಲೂಯಿಸ್ ಎಂಬ ವಕೀಲೆಯ ನೆರವಿನಿಂದ, ಮಗನನ್ನು ಅಕ್ರಮವಾಗಿ ಬಂಧನದಲ್ಲಿಡಲಾಗಿದೆಯೆಂದು ಅರ್ಜಿ ಹಾಕಿ ಹೋರಾಡಿದರು. 1967ರ ಮೇ 15ರಂದು ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಆಪಾದನೆ ಏನೆಂದು ಮೊದಲೇ ತಿಳಿಯುವ ಹಕ್ಕು, ಹಣವಿಲ್ಲದಿದ್ದರೆ ಸರ್ಕಾರದ ವೆಚ್ಚದಲ್ಲಿಯೇ ವಕೀಲನನ್ನು ಪಡೆಯುವ ಹಕ್ಕು, ಸಾಕ್ಷಿಯನ್ನು ಎದುರಿಸಿ ಪ್ರಶ್ನಿಸುವ ಹಕ್ಕು, ತನ್ನ ವಿರುದ್ಧ ತಾನೇ ನುಡಿಯದೆ ಮೌನವಾಗಿರುವ ಹಕ್ಕು, ಇವು ಮಕ್ಕಳಿಗೂ ಉಂಟೆಂದು ನ್ಯಾಯಮೂರ್ತಿ ಏಬ್ ಫೋರ್ಟಸ್ ಬರೆದರು. ಷಿಕಾಗೋದ ಮಹನೀಯರ ಕರುಣೆಯನ್ನು ಅವರು ಹಳಿಯಲಿಲ್ಲ. ಮಗುವಿನ ಮಾತಿಗೆ ಕಿವಿಗೊಡದ ಕರುಣೆ ನ್ಯಾಯವಾಗದು ಎಂಬುದೇ ಆ ತೀರ್ಪಿನ ಸಾರ.

ಆ ಮೇಲೂ ತಕ್ಕಡಿ ತೂಗಾಡುತ್ತಲೇ ಇದೆ. 1990ರ ದಶಕದಲ್ಲಿ ಅಪರಾಧದ ಭಯ ಹೆಚ್ಚಿ, ಬಹುತೇಕ ರಾಜ್ಯಗಳು ಬಾಲಕರನ್ನು ವಯಸ್ಕರ ನ್ಯಾಯಾಲಯಗಳಿಗೆ ಕಳುಹಿಸುವ ದಾರಿಯನ್ನು ಅಗಲಗೊಳಿಸಿದವು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹದಿನೆಂಟರೊಳಗೆ ಮಾಡಿದ ಅಪರಾಧಕ್ಕೆ ಮರಣದಂಡನೆ ಕೂಡದೆಂದು ವಿಧಿಸಿತು. ತಾಯ್ನಾಡಿನಲ್ಲೂ ಇದೇ ತೂಗಾಟ: 1986ರಲ್ಲಿ ದೇಶದ ಬಹುಭಾಗಕ್ಕೆ ಅನ್ವಯಿಸುವ ಬಾಲನ್ಯಾಯ ಕಾಯಿದೆ ಬಂತು, 2012ರ ದೆಹಲಿಯ ಘೋರ ಪ್ರಕರಣದ ತರುವಾಯ, 2015ರ ಕಾಯಿದೆಯು ಹದಿನಾರು ದಾಟಿದವರನ್ನು ಅತಿಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಿಸಲು ಅವಕಾಶವಿತ್ತಿತು.

ಬಂಧುಗಳೇ, ಇಂತಹ ಸಂಗತಿ ನಮ್ಮ ಮನೆಗಳಿಗೆ ಬಾರದೆಂದು ನಾವು ನೆಮ್ಮದಿಯಿಂದಿರುತ್ತೇವೆ. ಬಂದರೆ ನಾಲ್ಕು ಜನ ಏನೆಂದಾರೆಂದು ಮುಚ್ಚಿಡುತ್ತೇವೆ. ಇಲ್ಲವೇ "ಎಲ್ಲ ಒಪ್ಪಿಕೊಂಡುಬಿಡು, ದೊಡ್ಡವರು ಕ್ಷಮಿಸುತ್ತಾರೆ" ಎಂದು ಮಗನಿಗೆ ಬುದ್ಧಿ ಹೇಳುತ್ತೇವೆ. ಆ ಮಾತಿನ ಹಿಂದಿರುವುದು ನಮ್ಮ ಸಂಸ್ಕಾರವೇ. ಆದರೆ ವಕೀಲನನ್ನು ಕೇಳುವುದು ತಪ್ಪನ್ನು ಮುಚ್ಚುವುದಲ್ಲ, ಹಿರಿಯರಿಗೆ ತೋರುವ ಅವಿಧೇಯತೆಯೂ ಅಲ್ಲ. ಸಾಮಾನ್ಯ ಕುಟುಂಬವೊಂದು ಮೂರು ವರ್ಷ ಹೋರಾಡಿ ಎಲ್ಲರ ಮಕ್ಕಳಿಗೂ ಗಳಿಸಿಕೊಟ್ಟ ಹಕ್ಕು ಅದು. ಅದನ್ನು ನಾವೂ ತಿಳಿದು, ಊಟಕ್ಕೆ ಕುಳಿತಾಗಲಾದರೂ ನಮ್ಮ ಮಕ್ಕಳಿಗೆ ತಿಳಿಸಿಕೊಡೋಣ. ಗಿಡವನ್ನು ಬಗ್ಗಿಸಬೇಕು ನಿಜ, ಮುರಿಯದಂತೆ ಬಗ್ಗಿಸಬೇಕು.