ತೋರಣಗಲ್ಲಿನಿಂದ ಪಿಯೊಂಬಿನೊವರೆಗೆ: ಉಕ್ಕಿನ ಕಾರ್ಖಾನೆಯೊಂದರ ಕಲಿಕೆ

ಸಿರುಗುಪ್ಪದ ಭತ್ತ, ಕುರುಗೋಡಿನ ಎರೆಭೂಮಿಯ ಮೆಣಸಿನಕಾಯಿ, ಬಳ್ಳಾರಿ ನಗರದ ಜೀನ್ಸ್ ಉಡುಪು, ಸಂಡೂರಿನ ಕಬ್ಬಿಣದ ಅದಿರು - ಇವೆಲ್ಲ ಬಳ್ಳಾರಿ ಜಿಲ್ಲೆಯಿಂದ ಹೊರಗೆ ಹೋಗುವ ಸರಕುಗಳು. ಅವು ಯಾವ ರೂಪದಲ್ಲಿ ಹೋಗುತ್ತವೆ ಎಂಬುದನ್ನು ನೀವು ಗಮನಿಸಿದ್ದೀರಾ? ಅದಿರು ಅದಿರಾಗಿಯೇ ಹೋದರೆ ನಮ್ಮಲ್ಲಿ ಉಳಿಯುವುದು ಗುಂಡಿ ಮತ್ತು ಧೂಳು. ಉಕ್ಕಾಗಿ ಹೋದರೆ, ಉಕ್ಕು ತಯಾರಿಸುವ ತಿಳಿವಳಿಕೆಯೂ ಇಲ್ಲಿ ಬೇರೂರುತ್ತದೆ. ಅಭಿವೃದ್ಧಿಶೀಲ ದೇಶದ ಕಂಪನಿಯೊಂದು ಹೊರದೇಶಗಳಲ್ಲಿ ಪೈಪೋಟಿಗೆ ನಿಲ್ಲಲು ಈ ತಿಳಿವಳಿಕೆಯೇ ಮುಖ್ಯ ಆಧಾರ. ಬಳ್ಳಾರಿ ನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿರುವ ತೋರಣಗಲ್ಲಿನ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ.

ಕೋಕ್ ಕೊರತೆಯ ನಾಡಿನಲ್ಲಿ ಉಕ್ಕು

1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಆದರೆ ಸರ್ಕಾರಿ ವಲಯದ ಆ ಯೋಜನೆ ಕಾರ್ಯಗತವಾಗಲಿಲ್ಲ. 1994ರಲ್ಲಿ ಸ್ಥಾಪನೆಯಾದ ಖಾಸಗಿ ವಲಯದ ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿ ಅಲ್ಲಿ ಕಾರ್ಖಾನೆ ಕಟ್ಟಲು ಮುಂದಾಯಿತು. ಮುಂದೆ 2005ರಲ್ಲಿ ಸಮೂಹದ ಮತ್ತೊಂದು ಕಂಪನಿಯೊಡನೆ ವಿಲೀನವಾಗಿ ಅದು ಜೆಎಸ್‌ಡಬ್ಲ್ಯು ಸ್ಟೀಲ್ ಎನಿಸಿತು.

ಅದಿರು ಪಕ್ಕದಲ್ಲೇ ಇತ್ತು, ಇಲ್ಲದಿದ್ದುದು ಕೋಕ್. ಸಾಂಪ್ರದಾಯಿಕ ಊದುಕುಲುಮೆಯಲ್ಲಿ ಕೋಕ್ ಮೂರು ಕೆಲಸ ಮಾಡುತ್ತದೆ. ಅದು ಉರಿದು ಶಾಖ ಕೊಡುತ್ತದೆ. ಅದಿರಿನಿಂದ ಆಕ್ಸಿಜನ್ನನ್ನು ಕಸಿಯುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಒದಗಿಸುತ್ತದೆ. ಕುಲುಮೆಯೊಳಗಿನ ರಾಶಿ ಕುಸಿಯದಂತೆ ಹೊತ್ತು, ಅನಿಲ ಹಾಯಲು ಸಂದು ಉಳಿಸುತ್ತದೆ. ಇಂಥ ಗಟ್ಟಿ ಕೋಕ್ ಎಲ್ಲ ಕಲ್ಲಿದ್ದಲಿನಿಂದಲೂ ಬರುವುದಿಲ್ಲ. ಭಾರತದಲ್ಲಿ ಕೋಕ್ ಆಗಬಲ್ಲ ಒಳ್ಳೆಯ ಕಲ್ಲಿದ್ದಲು ಕಡಿಮೆ. ಇರುವುದರಲ್ಲಿ ಬೂದಿಯ ಅಂಶ ಹೆಚ್ಚು.

ಆದ್ದರಿಂದ ಕಂಪನಿ ಆಸ್ಟ್ರಿಯದ ವೋಸ್ಟ್ ಆಲ್ಪೈನ್ ಸಂಸ್ಥೆ ರೂಪಿಸಿದ್ದ ‘ಕೋರೆಕ್ಸ್’ ವಿಧಾನವನ್ನು ಆರಿಸಿಕೊಂಡಿತು. ಇಲ್ಲಿ ಊದುಕುಲುಮೆಯ ಕೆಲಸವನ್ನು ಎರಡು ಪಾತ್ರೆಗಳಿಗೆ ಹಂಚಲಾಗಿದೆ. ಮೇಲಿನದರಲ್ಲಿ ಬಿಸಿ ಅನಿಲ ಅದಿರನ್ನು ಅಪಕರ್ಷಿಸಿ ಸ್ಪಂಜು ಕಬ್ಬಿಣವಾಗಿಸುತ್ತದೆ. ಕೆಳಗಿನದರಲ್ಲಿ ಸಾಧಾರಣ ಕಲ್ಲಿದ್ದಲು ಆಕ್ಸಿಜನ್‌ನಲ್ಲಿ ಉರಿದು ಆ ಕಬ್ಬಿಣವನ್ನು ಕರಗಿಸುತ್ತದೆ, ಮೇಲಿನ ಪಾತ್ರೆಗೆ ಬೇಕಾದ ಅನಿಲವನ್ನೂ ಕೊಡುತ್ತದೆ. ಗಾಳಿಯ ಬದಲು ಆಕ್ಸಿಜನ್ ಊದುವುದರಿಂದ ಹೊರಬರುವ ಅನಿಲದಲ್ಲಿ ನೈಟ್ರೊಜನ್ ತೀರ ಕಡಿಮೆ. ಹೀಗಾಗಿ ಅದರ ಉಷ್ಣಮೌಲ್ಯ ಊದುಕುಲುಮೆಯ ಅನಿಲದ ಸುಮಾರು ಎರಡರಷ್ಟು. ಆ ಅನಿಲವನ್ನು ತೋರಣಗಲ್ಲಿನಲ್ಲಿ ವಿದ್ಯುತ್ ಉತ್ಪಾದನೆಗೆ ಬಳಸಲಾಯಿತು.

ಈ ವಿಧಾನವನ್ನು ಮೊದಲು ವಾಣಿಜ್ಯ ಮಟ್ಟದಲ್ಲಿ ಬಳಸಿದವರು ಯಾರು ಗೊತ್ತೇ? ದಕ್ಷಿಣ ಆಫ್ರಿಕದ ಪ್ರಿಟೋರಿಯ, ಅನಂತರ 1995ರಲ್ಲಿ ದಕ್ಷಿಣ ಕೊರಿಯದ ಪೊಹಾಂಗ್. ತೋರಣಗಲ್ಲಿನ ಮೊದಲ ಘಟಕ 1999ರಲ್ಲಿ, ಎರಡನೆಯದು 2001ರಲ್ಲಿ ಆರಂಭವಾದವು. ಸಿರಿವಂತ ದೇಶಗಳ ಬಳಿ ಕೋಕ್ ಒಲೆಗಳೂ ಊದುಕುಲುಮೆಗಳೂ ಆಗಲೇ ಇದ್ದವು. ಹೊಸದನ್ನು ಪರೀಕ್ಷಿಸುವ ಒತ್ತಡ ಅವಕ್ಕೆ ಅಷ್ಟಾಗಿ ಇರಲಿಲ್ಲ. ತಡವಾಗಿ ಬಂದವರಿಗೆ ಕೊರತೆಯೇ ಪ್ರೇರಣೆಯಾಯಿತು.

ಈ ಕಲಿಕೆ ಪುಕ್ಕಟೆಯಾಗಿ ಬರಲಿಲ್ಲ. ವ್ಯವಹಾರದಲ್ಲಿ ಕೋರೆಕ್ಸ್‌ಗೂ ಸ್ವಲ್ಪ ಕೋಕ್ ಬೇಕೇ ಬೇಕಾಯಿತು. ಕಾರ್ಖಾನೆ ಶುರುವಾದ ಹೊತ್ತಿಗೆ ಜಗತ್ತಿನಲ್ಲಿ ಉಕ್ಕಿನ ಬೆಲೆ ಬಿದ್ದಿತ್ತು; ಕಂಪನಿಯ ಸಾಲವನ್ನು ಮರುಹೊಂದಿಸಬೇಕಾಯಿತು. ಮುಂದಿನ ವಿಸ್ತರಣೆಗೆ ಅದು ಊದುಕುಲುಮೆಗಳನ್ನೇ ಕಟ್ಟಿತು. 2011ರ ವೇಳೆಗೆ ತೋರಣಗಲ್ಲಿನ ವಾರ್ಷಿಕ ಸಾಮರ್ಥ್ಯ 1 ಕೋಟಿ ಟನ್ನಿಗೆ ಏರಿತು.

ಅದೇ ದಶಕದ ಇನ್ನೊಂದು ದಾರಿ

ಇದೇ ಅವಧಿಯಲ್ಲಿ ಜಿಲ್ಲೆಯ ಅದಿರು ಲಾರಿಗಳಲ್ಲಿ ಬಂದರು ತಲುಪಿ, ಹಡಗೇರಿ ಚೀನಕ್ಕೆ ಹೋಗುತ್ತಿತ್ತು. ಗಣಿಗಾರಿಕೆಯ ಅಕ್ರಮಗಳ ಹಿನ್ನೆಲೆಯಲ್ಲಿ 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಗಣಿಗಳು ಹಂತಹಂತವಾಗಿ ತೆರೆದರೂ, ರಾಜ್ಯದ ಅದಿರಿನ ರಫ್ತಿಗೆ ನ್ಯಾಯಾಲಯ ಅನುಮತಿ ಕೊಟ್ಟದ್ದು 2022ರಲ್ಲಿ. ಅದಿರು ಮಾರಿದವರಿಗೆ ಹಣ ಬಂತು. ಆದರೆ ಅದಿರಿನೊಡನೆ ಹಡಗೇರಿದ ಅವಕಾಶ ಮತ್ತೆ ಬರಲಿಲ್ಲ.

ಕಡಲಾಚೆಗೆ

ಹೀಗೆ ಕಲಿತ ಕಂಪನಿ 2007ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಬೇಟೌನ್‌ನಲ್ಲಿ ಉಕ್ಕಿನ ಫಲಕ ಹಾಗೂ ಕೊಳವೆಗಳ ಕಾರ್ಖಾನೆಯನ್ನು ಕೊಂಡಿತು. 2010ರಲ್ಲಿ ಜಪಾನಿನ ಜೆಎಫ್‌ಇ ಸ್ಟೀಲ್ ಕಂಪನಿಗೆ ತನ್ನ ಸುಮಾರು ಶೇ. 15ರಷ್ಟು ಪಾಲನ್ನು ಕೊಟ್ಟಿತು. ಕಾರಿನ ಕವಚಕ್ಕೆ ಬೇಕಾದ ಉಕ್ಕಿನ ತಂತ್ರಜ್ಞಾನ ಪಡೆಯುವುದು ಆ ಸಹಯೋಗದ ಉದ್ದೇಶಗಳಲ್ಲೊಂದು. ಒಂದು ಕಡೆ ಕೊಳ್ಳುವಾಗಲೂ ಇನ್ನೊಂದು ಕಡೆ ಕಲಿಯುವುದು ನಿಲ್ಲಲಿಲ್ಲ.

2018ರಲ್ಲಿ ಅದು ಅಮೆರಿಕದ ಓಹಿಯೋದಲ್ಲಿ ಮತ್ತು ಇಟಲಿಯ ಪಿಯೊಂಬಿನೊದಲ್ಲಿ ಒಂದೊಂದು ಕಾರ್ಖಾನೆಯನ್ನು ಕೊಂಡಿತು. ಅದೇ ವರ್ಷ ಅಮೆರಿಕ ಆಮದು ಉಕ್ಕಿನ ಮೇಲೆ ಶೇ. 25ರಷ್ಟು ಸುಂಕ ಹೇರಿತು. ಸುಂಕದ ಗೋಡೆ ಎದ್ದಾಗ ಗೋಡೆಯ ಒಳಗೇ ಕಾರ್ಖಾನೆ ಇದ್ದರೆ ಅನುಕೂಲ. ಆದರೂ ಓಹಿಯೋದ ಕುಲುಮೆ 2020ರಲ್ಲಿ ನಿಂತು, ಮರುವರ್ಷವಷ್ಟೇ ಮತ್ತೆ ಉರಿಯಿತು.

ಪಿಯೊಂಬಿನೊದ ಕಥೆ ಇನ್ನೂ ಬೋಧಪ್ರದ. ಅಲ್ಲಿನ ಊದುಕುಲುಮೆ 2014ರಲ್ಲಿ ಆರಿತ್ತು. ಸಕ್ಕರೆ, ಖಾದ್ಯತೈಲಗಳಿಗೆ ಹೆಸರಾದ ಅಲ್ಜೀರಿಯದ ಸೆವಿಟಾಲ್ ಸಮೂಹ ಅದನ್ನು ಕೊಂಡಿತ್ತು. ಅದೂ ಅಭಿವೃದ್ಧಿಶೀಲ ದೇಶದ್ದೇ. ಆದರೆ ಉಕ್ಕಿನ ಉತ್ಪಾದನೆಯನ್ನು ಮತ್ತೆ ಆರಂಭಿಸುವ ಅದರ ಯೋಜನೆ ಫಲಿಸಲಿಲ್ಲ. ಅದರಿಂದ ಕೊಂಡ ಜೆಎಸ್‌ಡಬ್ಲ್ಯು ಹೊರಗಿನಿಂದ ಉಕ್ಕಿನ ದಿಮ್ಮಿಗಳನ್ನು ತರಿಸಿ, ರೈಲು ಹಳಿ ಮತ್ತು ಸರಳುಗಳನ್ನು ತಯಾರಿಸುವ ದಾರಿ ಹಿಡಿಯಿತು. ಕಾರ್ಖಾನೆಯನ್ನು ಹಣದಿಂದ ಕೊಳ್ಳಬಹುದು. ಅದನ್ನು ನಡೆಸಿ ಲಾಭ ತರುವುದು ಬೇರೆಯೇ ಮಾತು.

ಮುಂದಿನ ಪರೀಕ್ಷೆ ಇಂಗಾಲದ್ದು. ಊದುಕುಲುಮೆಯ ದಾರಿಯಲ್ಲಿ 1 ಟನ್ ಉಕ್ಕಿಗೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಐರೋಪ್ಯ ಒಕ್ಕೂಟ 2026ರಿಂದ ಇಂಥ ಆಮದುಗಳ ಮೇಲೆ ಇಂಗಾಲದ ಶುಲ್ಕ ಬೀಳುವಂತೆ ನಿಯಮ ಮಾಡಿದೆ. ಹಿಂದೆ ಕೋಕ್ ಕೊರತೆ ಹೊಸ ವಿಧಾನವನ್ನು ಕಲಿಸಿತ್ತು. ಈಗ ಇಂಗಾಲದ ಲೆಕ್ಕ ಇನ್ನೊಂದನ್ನು ಕಲಿಯಲು ಒತ್ತಾಯಿಸುತ್ತಿದೆ.

ಶಿಕ್ಷಕರು ಇದನ್ನು ತರಗತಿಗೆ ಒಯ್ಯಬಹುದು. ಶುದ್ಧ ಹೆಮಟೈಟ್‌ನಲ್ಲಿ ಶೇ. 70ರಷ್ಟು ಕಬ್ಬಿಣವಿದೆ. ಶೇ. 62ರಷ್ಟು ಕಬ್ಬಿಣವಿರುವ ಅದಿರಾದರೆ 1 ಟನ್ ಕಬ್ಬಿಣಕ್ಕೆ ಎಷ್ಟು ಬೇಕು? ವಿದ್ಯಾರ್ಥಿಗಳು ಲೆಕ್ಕ ಹಾಕಲಿ (ಉತ್ತರ ಸುಮಾರು 1.6 ಟನ್). ಬಳಿಕ ತಮ್ಮ ಊರಿನ ಸರಕಿನ ಕಡೆ ತಿರುಗಲಿ. ಸಿರುಗುಪ್ಪದ ಅಕ್ಕಿ ಗಿರಣಿಯ ತೌಡಿನಿಂದ ಎಣ್ಣೆ ತೆಗೆಯಬಹುದು; ಕುರುಗೋಡಿನ ಮೆಣಸಿನಕಾಯಿಯಿಂದ ಬಣ್ಣ ಮತ್ತು ಖಾರದ ಸಾರವನ್ನು ಬೇರ್ಪಡಿಸಬಹುದು; ಬಳ್ಳಾರಿಯ ಜೀನ್ಸ್ ತೊಳೆದ ನೀಲಿ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸಬಹುದು. ಈ ಮುಂದಿನ ಹಂತಗಳಲ್ಲಿ ಯಾವುದು ನಮ್ಮಲ್ಲೇ ನಡೆಯುತ್ತಿದೆ, ಯಾವುದು ಬೇರೆಡೆ ನಡೆಯುತ್ತಿದೆ, ಅದಕ್ಕೆ ಬೇಕಾದ ವಿಜ್ಞಾನ ಯಾವ ಪಾಠದಲ್ಲಿದೆ ಎಂದು ಅವರೇ ಹುಡುಕಿ ಪಟ್ಟಿ ಮಾಡಲಿ.